ವಿರಾಮದ ವೇಳೆ: ಬಿಲ್ಲೆಯ ಗಾಲ್ಫ್ ಆಟಕ್ಕೆ ಮೊದಲ ಹೆಜ್ಜೆ

ಮನೆಮಂದಿಯೆಲ್ಲರೂ ಒಟ್ಟುಗೂಡಿ ಬಯಲಿನಲ್ಲಿ ಆಡಬಹುದಾದ ಆಟಗಳು ಎಷ್ಟಿರುವುವೆಂದು ವಾಚಕರು ಒಮ್ಮೆ ಎಣಿಸಿ ನೋಡಬೇಕು. ಚೌಕಾಬಾರ, ಅಳಗುಳಿಮಣೆ, ಪಗಡೆ ಇವುಗಳಲ್ಲಿ ಮೊಮ್ಮಗಳು ಅಜ್ಜಿಯನ್ನು ಸೋಲಿಸಬಹುದು, ಅಜ್ಜಿಯು ಮೊಮ್ಮಗಳನ್ನು ಸೋಲಿಸಬಹುದು. ಆದರೆ ಅವೆಲ್ಲವೂ ಕುಳಿತು ಆಡುವ ಆಟಗಳು. ಬಯಲಿಗೆ ಬಂದೊಡನೆ ಮನೆಯು ಎರಡು ಪಾಲಾಗುವುದು. ಮಕ್ಕಳು ಓಡುವರು, ಹಿರಿಯರು ನೆರಳಿನಲ್ಲಿ ಕುಳಿತು ಅವರ ಚಪ್ಪಲಿಗಳನ್ನು ಕಾಯುವರು. ನಾವೂ ಬಹುಕಾಲ ಹೀಗೆ ಕಾವಲು ಕುಳಿತವರೇ. ಹನ್ನೊಂದು ವರ್ಷದ ಹುಡುಗನೂ ಅರುವತ್ತೈದು ದಾಟಿದ ಮುದುಕನೂ ಒಂದೇ ದಾರಿಯಲ್ಲಿ ಜೊತೆಯಾಗಿ ನಡೆಯುತ್ತ ಆಡಬಹುದಾದ ಆಟವೊಂದು ಕೆಲವು ವರ್ಷಗಳ ಕೆಳಗೆ ನಮ್ಮ ಕಣ್ಣಿಗೆ ಬಿದ್ದಿತು. ಅದನ್ನು ಕುರಿತು, ಅದರಲ್ಲಿಯೂ ಹೊಸದಾಗಿ ಕಲಿಯತೊಡಗುವವರು ಯಾವ ತಪ್ಪನ್ನು ಮಾಡಬಾರದೆಂಬುದನ್ನು ಕುರಿತು, ಈ ತಿಂಗಳು ನಾಲ್ಕು ಮಾತು ಬರೆಯಬೇಕೆಂದಿದ್ದೇವೆ. ಆ ತಪ್ಪನ್ನು ಸ್ವತಃ ಮಾಡಿದವರಾದುದರಿಂದ ಬರೆಯುವ ಅಧಿಕಾರ ನಮಗೆ ಉಂಟೆಂದು ಭಾವಿಸುತ್ತೇವೆ.

೨೦೧೮ರಲ್ಲಿ ನಾವೂ ನಮ್ಮ ಮನೆಯವರೂ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಲಾಸ್ ಏಂಜಲೀಸಿಗೆ ಸಮೀಪದ ಪ್ಯಾಸಡೀನಾ ಊರಿನಲ್ಲಿ, ಮಗನ ಮನೆಯಲ್ಲಿ ನಾಲ್ಕು ತಿಂಗಳು ಇದ್ದೆವು. ಮೊಮ್ಮಗನಿಗೆ ಆಗ ಹನ್ನೊಂದು ವರ್ಷ. ಅವನಿಗೆ ನಮ್ಮ ಕನ್ನಡ ಚೆನ್ನಾಗಿ ಅರ್ಥವಾಗುತ್ತಿದ್ದಿತು. ಆದರೆ ನಾವು ಹತ್ತು ಮಾತನಾಡಿದರೆ ಅವನಿಂದ ಬರುತ್ತಿದ್ದುದು ‘ಹೂಂ’ ಎಂಬ ಒಂದೇ ಉತ್ತರ. ಹುಡುಗನಲ್ಲಿ ಅನಾದರವೇನೂ ಇರಲಿಲ್ಲ. ನಮ್ಮಿಬ್ಬರ ನಡುವೆ ಮಾತನಾಡಲು ವಿಷಯವೇ ಇರಲಿಲ್ಲ. ಮೂರು ವಾರಗಳು ಹೀಗೆಯೇ ಕಳೆದುವು. ಒಂದು ಶನಿವಾರ ಬೆಳಿಗ್ಗೆ ಅವನು ಹೆಗಲಿಗೆ ಚೀಲವೊಂದನ್ನು ತೂಗಹಾಕಿಕೊಂಡು ತಂದೆಯೊಡನೆ ಹೊರಟುದನ್ನು ಕಂಡು “ಎಲ್ಲಿಗೆ ಮಗು?” ಎಂದು ಕೇಳಿದೆವು. “ಡಿಸ್ಕ್ ಗಾಲ್ಫಿಗೆ, ತಾತ. ನೀವೂ ಬರ್ತೀರಾ?” ಎಂದನು. ಅಷ್ಟು ದೀರ್ಘವಾದ ಮಾತನ್ನು ಅವನ ಬಾಯಿಂದ ಕೇಳಿದುದು ಅದೇ ಮೊದಲು. ಮನೆಯವರನ್ನೂ ಕರೆದುಕೊಂಡು ಹೊರಟೆವು.

ಗಾಲ್ಫ್ ಆಟವನ್ನು ವಾಚಕರಲ್ಲಿ ಅನೇಕರು ಚಿತ್ರದಲ್ಲಿಯಾದರೂ ನೋಡಿರಬಹುದು. ಚಿಕ್ಕ ಚೆಂಡನ್ನು ಕೋಲಿನಿಂದ ಹೊಡೆಹೊಡೆದು ದೂರದ ಒಂದು ಕುಳಿಗೆ ಬೀಳಿಸಬೇಕು. ಯಾರು ಕಡಮೆ ಹೊಡೆತಗಳಲ್ಲಿ ಬೀಳಿಸುವರೋ ಅವರು ಗೆದ್ದಂತೆ. ಡಿಸ್ಕ್ ಗಾಲ್ಫಿನಲ್ಲಿಯೂ ನಿಯಮ ಇದೇ. ಚೆಂಡಿಗೆ ಬದಲಾಗಿ ಪ್ಲಾಸ್ಟಿಕ್ಕಿನ ಒಂದು ತಟ್ಟೆ. ಕೋಲಿಗೆ ಬದಲಾಗಿ ನಮ್ಮ ಕೈ. ಕುಳಿಗೆ ಬದಲಾಗಿ ಕಂಬಕ್ಕೆ ತೊಡಿಸಿದ ಒಂದು ಕಬ್ಬಿಣದ ಬುಟ್ಟಿ. ಬುಟ್ಟಿಯ ಮೇಲ್ಗಡೆ ಸುತ್ತಲೂ ಸರಪಳಿಗಳು ಜೋಲುತ್ತಿರುವುವು. ಹಾರಿಬಂದ ತಟ್ಟೆಯು ಸರಪಳಿಗೆ ತಗುಲಿ, ವೇಗವನ್ನು ಕಳೆದುಕೊಂಡು, ಝಣಝಣವೆಂದು ಸದ್ದು ಮಾಡುತ್ತ ಬುಟ್ಟಿಯೊಳಗೆ ಬೀಳುವುದು. ಕುಂಟೆಬಿಲ್ಲೆಯಾಡುವ ನಮ್ಮ ಹೆಣ್ಣುಮಕ್ಕಳು ತಾವೆಸೆಯುವ ಹಂಚಿನ ಚೂರಿಗೆ ಬಿಲ್ಲೆಯೆನ್ನುವರಷ್ಟೆ. ಆ ಹೆಸರು ಇದಕ್ಕೂ ಒಪ್ಪುವುದಾದುದರಿಂದ ಇಲ್ಲಿಂದ ಮುಂದೆ ಬಿಲ್ಲೆಯೆಂದೇ ಬರೆಯುತ್ತೇವೆ.

ಎಸೆಯುವ ಸ್ಥಳದಿಂದ ಬುಟ್ಟಿಯವರೆಗಿನ ದಾರಿಗೆ, ಅಲ್ಲಿ ಯಾವ ಕುಳಿಯೂ ಇಲ್ಲದಿದ್ದರೂ, ಹಳೆಯ ಗಾಲ್ಫಿನ ಸಂಪ್ರದಾಯದಂತೆ ಕುಳಿಯೆಂದೇ ಹೆಸರು. ಒಂದು ಬಯಲಿನಲ್ಲಿ ಸಾಮಾನ್ಯವಾಗಿ ೯ ಅಥವಾ ೧೮ ಕುಳಿಗಳಿರುವುವು. ಒಂದೊಂದರ ಉದ್ದ ಬಹುಮಟ್ಟಿಗೆ ೨೦೦ರಿಂದ ೪೦೦ ಅಡಿ. ಮೊದಲನೆಯ ಎಸೆತ ಗೊತ್ತಾದ ಕಟ್ಟೆಯ ಮೇಲಿನಿಂದ. ಬಿಲ್ಲೆ ಎಲ್ಲಿ ಬಿದ್ದಿತೋ ಅಲ್ಲಿಗೆ ನಡೆದುಹೋಗಿ ಎರಡನೆಯ ಎಸೆತ. ಹೀಗೆ ಬುಟ್ಟಿಗೆ ಬೀಳುವವರೆಗೆ. ಹೆಚ್ಚಿನ ಕುಳಿಗಳಿಗೆ ಮೂರು ಎಸೆತಗಳನ್ನು ಲೆಕ್ಕವಾಗಿ ಇಟ್ಟಿರುವರು. ಹೊಸಬರಿಗೆ ಐದಾದರೂ ಆರಾದರೂ ನಾಚಿಕೆಯಿಲ್ಲ. ಆಡಿ ಮುಗಿಸುವಷ್ಟರಲ್ಲಿ ಒಂದೆರಡು ಗಂಟೆಗಳ ಕಾಲ ಮರಗಳ ನಡುವೆ ನಡೆದಂತಾಗುವುದು. ನಡೆಯಬೇಕೆಂದು ವೈದ್ಯರಿಂದ ಹೇಳಿಸಿಕೊಂಡು, ನಡೆಯಲು ನೆಪವಿಲ್ಲದೆ ಕುಳಿತಿರುವ ನಮ್ಮಂಥವರಿಗೆ ಇದೇ ಒಂದು ಲಾಭ.

ನಾವು ಅಂದು ಕಾಲಿಟ್ಟ ಬಯಲು ಈ ಆಟದ ತೌರುಮನೆಯೆಂಬುದು ಆಮೇಲೆ ತಿಳಿಯಿತು. ಪ್ಯಾಸಡೀನಾದ ಪಕ್ಕದಲ್ಲಿ, ಓಕ್ ಮರಗಳ ಗುಂಪಿನ ನಡುವೆ, ಓಕ್ ಗ್ರೋವ್ ಎಂಬ ಉದ್ಯಾನವಿದ್ದಿತು. ಈಗ ಅದಕ್ಕೆ ಹಹಮೊಂಗ್ನಾ ಎಂದು ಹೆಸರು. ೧೯೭೫ರಲ್ಲಿ ಎಡ್ ಹೆಡ್ರಿಕ್ ಎಂಬಾತನು ಅಲ್ಲಿ ಜಗತ್ತಿನ ಮೊಟ್ಟಮೊದಲನೆಯ ಶಾಶ್ವತವಾದ ಡಿಸ್ಕ್ ಗಾಲ್ಫ್ ಬಯಲನ್ನು ಏರ್ಪಡಿಸಿದನು. ಅದಕ್ಕೆ ಮುಂಚೆ ಇಂತಹ ಆಟ ಇರಲೇ ಇಲ್ಲವೆಂದಲ್ಲ. ೧೯೨೬ರಲ್ಲಿಯೇ ಕೆನಡಾ ದೇಶದ ಬ್ಲಾಡ್‌ವರ್ತ್ ಎಂಬ ಹಳ್ಳಿಯಲ್ಲಿ ರೊನಾಲ್ಡ್ ಗಿಬ್ಸನ್ ಎಂಬ ಹುಡುಗನೂ ಅವನ ಶಾಲೆಯ ಗೆಳೆಯರೂ ಡಬ್ಬಿಗಳ ತಗಡಿನ ಮುಚ್ಚಳಗಳನ್ನು ನೆಲದ ಮೇಲೆ ಬರೆದ ವೃತ್ತಗಳಿಗೆ ಎಸೆದು ಆಡಿ, ಅದನ್ನು ‘ಮುಚ್ಚಳದ ಗಾಲ್ಫ್’ ಎಂಬರ್ಥದ ಹೆಸರಿನಿಂದ ಕರೆದಿದ್ದರು. ಅಮೆರಿಕದಲ್ಲಿ ಫ್ರಿಸ್ಬಿ ಎಂಬ ಹೆಸರಿನ ಬೇಕರಿಯವರ ತಗಡಿನ ತಟ್ಟೆಗಳನ್ನು ಕಾಲೇಜಿನ ವಿದ್ಯಾರ್ಥಿಗಳು ಹಾರಿಸಿ ಆಡುತ್ತಿದ್ದರು. ವಾಲ್ಟರ್ ಮಾರಿಸನ್ ಎಂಬಾತನು ಪ್ಲಾಸ್ಟಿಕ್ಕಿನ ಹಾರುವ ಬಿಲ್ಲೆಯನ್ನು ಮಾಡಿ, ಅದರ ಹಕ್ಕನ್ನು ೧೯೫೭ರಲ್ಲಿ ವ್ಯಾಮ್-ಓ ಎಂಬ ಆಟದ ಸಾಮಾನಿನ ಕಂಪೆನಿಗೆ ಕೊಟ್ಟನು. ಮುಂದೆ ಆ ಕಂಪೆನಿಗೆ ಸೇರಿದ ಹೆಡ್ರಿಕ್ಕನು ಬಿಲ್ಲೆಯ ಬೆನ್ನಿನ ಮೇಲೆ ಉಬ್ಬುಗೆರೆಗಳನ್ನು ಮೂಡಿಸಿ ಅದರ ಹಾರಾಟವನ್ನು ನೆಟ್ಟಗೆ ಮಾಡಿದನು. ೧೯೬೭ರಲ್ಲಿ ಅದಕ್ಕೆ ಪೇಟೆಂಟು ದೊರೆಯಿತು.

ಓಕ್ ಗ್ರೋವಿನಲ್ಲಿ ಮೊದಲು ಗುರಿಯಾಗಿದ್ದುವು ಬರಿಯ ಕಂಬಗಳು. ಬಿಲ್ಲೆಯು ಕಂಬಕ್ಕೆ ತಗುಲಿತೋ, ತಗುಲದೆ ಪಕ್ಕದಲ್ಲಿ ಹಾದುಹೋಯಿತೋ ಎಂಬ ವಾದಗಳು ನಿತ್ಯವೂ ಏಳುತ್ತಿದ್ದುವಂತೆ. ಆ ವ್ಯಾಜ್ಯವನ್ನು ಮುಗಿಸುವುದಕ್ಕಾಗಿಯೇ ಹೆಡ್ರಿಕ್ಕನು ಮಗನೊಡನೆ ಸೇರಿ ಸರಪಳಿಯ ಬುಟ್ಟಿಯನ್ನು ಕಂಡುಹಿಡಿದನೆಂದು ಹೇಳುವರು. ೧೯೭೭ರಲ್ಲಿ ಅದಕ್ಕೂ ಪೇಟೆಂಟು ಬಂದಿತು. ಆಟಗಾರರ ಸಂಘವನ್ನು ಅವನು ೧೯೭೬ರಲ್ಲಿಯೇ ಸ್ಥಾಪಿಸಿದ್ದನು. ೨೦೦೨ರಲ್ಲಿ ಅವನು ತೀರಿಕೊಂಡಾಗ, ಅವನ ಇಚ್ಛೆಯಂತೆ, ಚಿತಾಭಸ್ಮವನ್ನು ಪ್ಲಾಸ್ಟಿಕ್ಕಿನಲ್ಲಿ ಬೆರೆಸಿ ಕೆಲವು ಬಿಲ್ಲೆಗಳನ್ನು ಎರಕ ಹೊಯ್ದರು. ಅಸ್ಥಿಯನ್ನು ಹೊಳೆಗೆ ಬಿಡುವ ನಮಗೆ ಇದು ವಿಚಿತ್ರವಾಗಿ ಕಾಣಬಹುದು. ಆದರೆ ಪ್ರೀತಿಸಿದುದರಲ್ಲಿಯೇ ಕರಗಬೇಕೆಂಬ ಆಸೆ ಯಾವ ದೇಶದವರಿಗೂ ಅರ್ಥವಾಗದ ಆಸೆಯಲ್ಲ. ಇಂದು ಲೋಕದಲ್ಲಿ ಇಂತಹ ೧೫,೦೦೦ಕ್ಕೂ ಹೆಚ್ಚು ಬಯಲುಗಳಿವೆ. ಅರ್ಧಕ್ಕಿಂತ ಹೆಚ್ಚಿನವು ಅಮೆರಿಕದಲ್ಲಿ. ಫಿನ್ಲೆಂಡ್, ಸ್ವೀಡನ್, ಎಸ್ಟೋನಿಯಾ ದೇಶಗಳಲ್ಲಿಯೂ ಬಹಳವಾಗಿರುವುವು. ಸಾರ್ವಜನಿಕ ಉದ್ಯಾನಗಳಲ್ಲಿರುವ ಬಯಲುಗಳಲ್ಲಿ ಹಲವು ಕಡೆ ಶುಲ್ಕವಿಲ್ಲ. ಆ ದೇಶಗಳಲ್ಲಿ ನೆಲೆಸಿರುವ ನಮ್ಮ ವಾಚಕರೂ, ಮಕ್ಕಳನ್ನು ನೋಡಲು ಅಲ್ಲಿಗೆ ಹೋಗಿಬರುವ ಹಿರಿಯರೂ ಇದನ್ನು ಗಮನಿಸಬೇಕು.

ಇನ್ನು ನಮ್ಮ ತಪ್ಪಿನ ಕಥೆ. ಮೊದಲ ದಿನ ನೋಡಿ ಬಂದು, ಎರಡನೆಯ ವಾರ ನಾವೂ ಬಿಲ್ಲೆ ಕೊಳ್ಳಲು ಅಂಗಡಿಗೆ ಹೋದೆವು. “ತಾತ, ನೀವು ನಿಧಾನದ್ದು ತೊಗೊಳ್ಳಿ” ಎಂದನು ಮೊಮ್ಮಗ. ನಿಧಾನದ್ದು! ನಮ್ಮ ಕಾಲದಲ್ಲಿ ಹೈಸ್ಕೂಲಿನ ಕ್ರಿಕೆಟ್ ತಂಡದಲ್ಲಿ ಬೌಂಡರಿಯಿಂದ ನೇರವಾಗಿ ವಿಕೆಟ್ಟಿಗೆ ಚೆಂಡೆಸೆಯುತ್ತಿದ್ದವರು ನಾವು. ಬಿಲ್ಲೆಯ ಮೇಲೆ ವೇಗದ ಅಂಕಿ ಅಚ್ಚಾಗಿರುತ್ತದೆಂದು ತಿಳಿದು, ೧೨ ಎಂದಿದ್ದ, ಅಂಚು ಕತ್ತಿಯಂತೆ ತೆಳುವಾಗಿದ್ದ ಒಂದು ಕೆಂಪು ಬಿಲ್ಲೆಯನ್ನು ಆರಿಸಿಕೊಂಡೆವು. ಶನಿವಾರ ಕಟ್ಟೆಯ ಮೇಲೆ ನಿಂತು, ಮೈಯಲ್ಲಿದ್ದ ಬಲವನ್ನೆಲ್ಲ ತೋಳಿಗೆ ತಂದು ಎಸೆದೆವು. ಬಿಲ್ಲೆಯು ಎದ್ದುದೇ ತಡ, ಎಡಕ್ಕೆ ಹೊರಳಿ, ಮರಗಳ ಸಂದಿನಲ್ಲಿ ನುಗ್ಗಿ, ಪಕ್ಕದ ಕಾಲುದಾರಿಯಲ್ಲಿ ಕೂಸಿನ ಗಾಡಿಯನ್ನು ತಳ್ಳಿಕೊಂಡು ಬರುತ್ತಿದ್ದ ತಾಯಿಯೊಬ್ಬಳ ಮುಂದೆ ಎರಡು ಮಾರು ದೂರದಲ್ಲಿ ನೆಲಕ್ಕೆ ಬಡಿಯಿತು. ‘ಫೋರ್!’ ಎಂದು ಮೊಮ್ಮಗನು ಕೂಗಿದುದು ಕೇಳಿಸಿತು; ಕೂಗಬೇಕಾಗಿದ್ದವರು ನಾವು. ಓಡಿಹೋಗಿ ಕೈಮುಗಿದು ಕ್ಷಮೆ ಬೇಡಿದೆವು. ಆಕೆ ಮುಖ ಬಿಳಿಚಿಕೊಂಡಿದ್ದರೂ ಕಟುವಾಗಿ ಒಂದು ಮಾತನ್ನೂ ಆಡಲಿಲ್ಲ; ಅದು ನಮ್ಮನ್ನು ಇನ್ನಷ್ಟು ಕುಗ್ಗಿಸಿತು. ಸಾಲದೆಂಬಂತೆ ಅಂದು ರಾತ್ರಿಯಿಂದ ಬಲದ ಹೆಗಲು ಹಿಡಿದುಕೊಂಡು, ಹತ್ತು ದಿನ ಅಂಗಿ ತೊಡಲೂ ಕಷ್ಟವಾಯಿತು. ಇದು ನಮ್ಮ ವಯಸ್ಸಿಗೆ ಒಗ್ಗದ ಆಟವೆಂದು ಹೇಳಿ ಬಿಲ್ಲೆಯನ್ನು ಕಪಾಟಿನಲ್ಲಿಟ್ಟೆವು. ಹುಡುಗನು ಮತ್ತೆ ‘ಹೂಂ’ ಎಂಬಲ್ಲಿಗೆ ಬಂದನು.

ಆದರೆ ನಮ್ಮ ಮನೆಯವರು ಬಿಡಲಿಲ್ಲ. ಅವರು ಮೊಮ್ಮಗನ ಹಳೆಯ ನಿಧಾನದ ಬಿಲ್ಲೆಯೊಂದನ್ನು ತೆಗೆದುಕೊಂಡು ಮುಂದಿನ ಶನಿವಾರವೂ ಅವನೊಡನೆ ಹೋದರು. ಅವರ ಬಿಲ್ಲೆ ಎಂಬತ್ತು ಅಡಿಗಿಂತ ಹೆಚ್ಚು ಹೋಗಲಿಲ್ಲ. ಆದರೆ ಹೋದುದು ಬುಟ್ಟಿಯ ಕಡೆಗೇ. ಹಾಗೆ ನಾಲ್ಕು ಸಲ ಎಸೆದರೆ ಬುಟ್ಟಿಯ ಬುಡದಲ್ಲಿರುತ್ತಿದ್ದರು. ನಾವು ಅಂದು ಒಂದೇ ಎಸೆತದಲ್ಲಿ ನೂರು ಅಡಿ ಪಕ್ಕಕ್ಕೆ ಹೋಗಿ, ಅಲ್ಲಿಂದ ದಾರಿಗೆ ಹಿಂದಿರುಗಲು ಮೂರು ಎಸೆತ ಕಳೆದಿದ್ದೆವು. ನಿಧಾನವೇ ಪ್ರಧಾನವೆಂಬ ಗಾದೆಯನ್ನು ಮಕ್ಕಳಿಗೆ ಸಾವಿರ ಸಲ ಹೇಳಿದ ನಾವು ಅದನ್ನು ನಮ್ಮ ಮನೆಯವರಿಂದಲೂ ಹನ್ನೊಂದು ವರ್ಷದ ಮೊಮ್ಮಗನಿಂದಲೂ ಕಲಿಯಬೇಕಾಯಿತು. ಹೆಗಲು ಸರಿಹೋದ ಮೇಲೆ ಹೋಗಿ “ಮಗು, ನನಗೂ ಹೇಳಿಕೊಡು” ಎಂದೆವು. ಹುಡುಗನು ಗಂಭೀರವಾಗಿ ಮೊದಲಿನಿಂದ ಪಾಠ ಪ್ರಾರಂಭಿಸಿದನು. ಆ ಪಾಠದ ಸಾರವನ್ನು, ಮುಂದೆ ನಾವಾಗಿ ಓದಿ ತಿಳಿದುಕೊಂಡುದನ್ನೂ ಸೇರಿಸಿ, ಕೆಳಗೆ ಕೊಟ್ಟಿದ್ದೇವೆ.

ಮೊದಲನೆಯದು ಬಿಲ್ಲೆಯ ಆಯ್ಕೆ. ಬಿಲ್ಲೆಗಳಲ್ಲಿ ಮುಖ್ಯವಾಗಿ ಮೂರು ಜಾತಿ. ಅಂಚು ದಪ್ಪವಾಗಿ ಮೊಂಡಾಗಿರುವುದು ಪಟರ್. ಇದು ನಿಧಾನವಾಗಿ, ನೆಟ್ಟಗೆ ಹೋಗುವುದು. ಅಂಚು ಸ್ವಲ್ಪ ಚೂಪಾಗಿರುವುದು ಮಿಡ್‌ರೇಂಜ್. ಅಂಚಿನ ಪಟ್ಟಿ ಅಗಲವಾಗಿ, ತುದಿ ತೀರ ತೆಳುವಾಗಿರುವುದು ಡ್ರೈವರ್. ಇದು ಬಹುದೂರ ಹಾರಬಲ್ಲುದು. ಅಂಚನ್ನು ಹೀಗೆ ಚೂಪು ಮಾಡುವ ಪದ್ಧತಿ ೧೯೮೩ರಲ್ಲಿ ಡೇವ್ ಡ್ಯೂನಿಪೇಸ್ ಎಂಬಾತನಿಂದ ಬಂದಿತು. ಬಹುಮಟ್ಟಿನ ಬಿಲ್ಲೆಗಳಿಗೆ ನಾಲ್ಕು ಅಂಕಿಗಳನ್ನು ಕೊಟ್ಟಿರುವರು. ಮೊದಲಿನದು ವೇಗ; ಎರಡನೆಯದು ಗಾಳಿಯಲ್ಲಿ ತೇಲುವ ಗುಣ; ಮೂರನೆಯದು ಪೂರ್ಣ ವೇಗದಲ್ಲಿರುವಾಗ ಬಲಕ್ಕೆ ಹೊರಳುವ ಗುಣ; ನಾಲ್ಕನೆಯದು ವೇಗ ಕುಗ್ಗಿದಾಗ ಎಡಕ್ಕೆ ವಾಲಿ ಇಳಿಯುವ ಗುಣ. ಈ ಎಡಬಲಗಳು ಬಲಗೈಯವರು ಎದೆಯ ಮುಂದಿನಿಂದ ಬೀಸಿ ಎಸೆದಾಗಿನ ಮಾತು. ಎಡಗೈಯವರು ತಿರುವುಮುರುವಾಗಿ ತಿಳಿಯಬೇಕು.

ನಮ್ಮ ಕೆಂಪು ಬಿಲ್ಲೆ ಎಡಕ್ಕೆ ಏಕೆ ಓಡಿತೆಂಬುದು ಈಗ ಸ್ಪಷ್ಟವಾಗುವುದು. ವೇಗದ ಬಿಲ್ಲೆಯು ತನಗೆ ತಕ್ಕ ವೇಗ ದೊರೆತರೆ ಮಾತ್ರ ನೆಟ್ಟಗೆ ಹಾರುವುದು. ಆ ವೇಗವನ್ನು ಕೊಡಲು ವರ್ಷಗಟ್ಟಲೆ ಅಭ್ಯಾಸವಾದ ಮೈ ಬೇಕು. ಹೊಸಬರ ಕೈಯಲ್ಲಿ ಅದು ಹೊರಟ ಕ್ಷಣದಲ್ಲಿಯೇ ‘ವೇಗ ಕುಗ್ಗಿದ’ ಸ್ಥಿತಿಯಲ್ಲಿರುವುದು. ಆದುದರಿಂದ ವಾಲುವ ಗುಣವೊಂದನ್ನೇ ತೋರಿಸಿ ಎಡಕ್ಕೆ ಬೀಳುವುದು. ಎಸೆದವರು ಬಲ ಸಾಲದಾಯಿತೆಂದು ಭ್ರಮಿಸಿ ಇನ್ನಷ್ಟು ಬಲ ಹಾಕುವರು; ಹೆಗಲು ನೋಯುವುದು; ಒಂದು ತಿಂಗಳಲ್ಲಿ ಆಟವನ್ನೇ ಬಿಡುವರು. ಆದುದರಿಂದ ಮೊದಲು ಕೊಳ್ಳತಕ್ಕದ್ದು ಎರಡೇ ಬಿಲ್ಲೆ: ವೇಗದ ಅಂಕಿ ೨ ಅಥವಾ ೩ ಇರುವ ಒಂದು ಪಟರ್, ೪ ಅಥವಾ ೫ ಇರುವ ಒಂದು ಮಿಡ್‌ರೇಂಜ್. ನಾಲ್ಕನೆಯ ಅಂಕಿ ಸೊನ್ನೆ ಅಥವಾ ಒಂದು ಇರಲಿ. ಅಡ್ಡಗಲ ಸುಮಾರು ೨೧ ಸೆಂಟಿಮೀಟರ್ ಇರುವುದು. ತೂಕ ಸಾಮಾನ್ಯವಾಗಿ ೧೭೫ ಗ್ರಾಮಿನವರೆಗೆ ಉಂಟು. ಮಕ್ಕಳಿಗೂ ಹಿರಿಯರಿಗೂ ೧೫೦ರ ಆಸುಪಾಸಿನ ಹಗುರವಾದುದು ಮೇಲು. ಹುಲ್ಲಿನಲ್ಲಿ ಎದ್ದು ಕಾಣುವ ಬಣ್ಣವನ್ನು ಆರಿಸಿ, ಹಿಂಬದಿಯಲ್ಲಿ ಹೆಸರನ್ನೂ ಟೆಲಿಫೋನ್ ನಂಬರನ್ನೂ ಬರೆದಿಡಬೇಕು. ಕಳೆದುಹೋದ ಬಿಲ್ಲೆ ಸಿಕ್ಕಿದವರು ಕರೆದು ತಿಳಿಸುವುದು ಈ ಆಟದವರಲ್ಲಿರುವ ಒಂದು ಒಳ್ಳೆಯ ಪದ್ಧತಿ.

ಎರಡನೆಯದು ಎಸೆಯುವ ಕ್ರಮ. ಚಿಕ್ಕಂದಿನಲ್ಲಿ ಕೆರೆಯ ದಂಡೆಯಲ್ಲಿ ನಿಂತು ಚಪ್ಪಟೆಯಾದ ಕಲ್ಲನ್ನು ನೀರಿನ ಮೇಲೆ ಕುಪ್ಪಳಿಸುವಂತೆ ಎಸೆಯದವರು ಯಾರು? ಕಲ್ಲು ಮಟ್ಟಸವಾಗಿ, ತಿರುಗುತ್ತ ಹೋದರೆ ಮಾತ್ರ ಕುಪ್ಪಳಿಸುವುದು, ಓರೆಯಾದರೆ ಮುಳುಗುವುದು. ಬಿಲ್ಲೆಗೂ ಅದೇ ನ್ಯಾಯ. ತಿರುಗುವ ಬುಗುರಿ ಹೇಗೆ ಬೀಳದೆ ನಿಲ್ಲುವುದೋ ಹಾಗೆ ತಿರುಗುವ ಬಿಲ್ಲೆಯು ಮಗುಚಿಕೊಳ್ಳದೆ ಹಾರುವುದು. ಬಲಗೈಯವರು ಬಲದ ಹೆಗಲು ಗುರಿಯ ಕಡೆಗಿರುವಂತೆ ಪಕ್ಕಕ್ಕೆ ತಿರುಗಿ ನಿಲ್ಲಬೇಕು. ಹೆಬ್ಬೆರಳು ಬಿಲ್ಲೆಯ ಮೇಲೆ, ಉಳಿದ ಬೆರಳುಗಳು ಅಂಚಿನ ಒಳಗಡೆ. ತೋಳನ್ನು ಹಿಂದಕ್ಕೆ ಚಾಚಿ, ಬಿಲ್ಲೆಯನ್ನು ಎದೆಯ ಮುಂದೆ ನೇರವಾದ ಗೆರೆಯಲ್ಲಿ ಎಳೆದು ತಂದು ಬಿಡಬೇಕು. ಬಲ ಹುಟ್ಟುವುದು ತೋಳಿನಿಂದಲ್ಲ. ಹಿಂದಿನ ಕಾಲಿನಿಂದ ಮುಂದಿನ ಕಾಲಿಗೆ ಭಾರವು ಸರಿಯುವುದರಿಂದಲೂ ಸೊಂಟ ತಿರುಗುವುದರಿಂದಲೂ. ಬಿಟ್ಟ ಮೇಲೆ ಕೈಯನ್ನು ತಟ್ಟನೆ ತಡೆಯದೆ ತಾನಾಗಿ ಸುತ್ತಿ ನಿಲ್ಲಲು ಬಿಡಬೇಕು. ಹಾಗೆ ಮಾಡಿದರೆ ಹೆಗಲಿಗೆ ಪೆಟ್ಟಿಲ್ಲ.

ಹೊಸಬರ ಬಿಲ್ಲೆಯಲ್ಲಿ ಕಾಣುವ ದೊಡ್ಡ ದೋಷವೆಂದರೆ ಮೂಗು ಮೇಲೇಳುವುದು. ಮುಂದಿನ ಅಂಚು ಮೇಲಕ್ಕೆತ್ತಿದ್ದರೆ ಬಿಲ್ಲೆಯು ಆಕಾಶಕ್ಕೆ ಏರಿ, ಅಲ್ಲಿಯೇ ನಿಂತಂತಾಗಿ, ಎಡಕ್ಕೆ ಜಾರಿ ಬೀಳುವುದು. ತುಂಬಿದ ಸಾರಿನ ಬಟ್ಟಲನ್ನು ಚೆಲ್ಲದಂತೆ ಎಳೆಯುತ್ತಿರುವೆವೆಂದು ಭಾವಿಸಿಕೊಳ್ಳಿ. ಬಿಲ್ಲೆ ಮಟ್ಟಸವಾಗಿಯೇ ಹೊರಡುವುದು. ಆಳೆತ್ತರಕ್ಕಿಂತ ಬಹಳ ಮೇಲೆ ಹೋಗದಂತೆ ತಗ್ಗಿನಲ್ಲಿ ಎಸೆಯಿರಿ. ಮೈಬಲದಲ್ಲಿ ಅರ್ಧವನ್ನು ಮಾತ್ರ ಬಳಸಿರಿ. ಮೊದಮೊದಲು ನೂರು ಅಡಿ ಹೋದರೂ ಸಾಕು.

ಮೂರನೆಯದು ಗಾಳಿ. ಗಾಳಿ ಬಂದಾಗ ತೂರಿಕೊಳ್ಳಬೇಕೆಂದು ಬಲ್ಲ ರೈತನಿಗೆ ಇದನ್ನು ಹೇಳಬೇಕಾಗಿಲ್ಲ. ಒಂದು ಹಿಡಿ ಒಣಹುಲ್ಲನ್ನು ಬಿಟ್ಟು ನೋಡಿದರೆ ಗಾಳಿಯ ದಿಕ್ಕು ತಿಳಿಯುವುದು. ಎದುರುಗಾಳಿಯಲ್ಲಿ ಬಿಲ್ಲೆಯು ಬಲಕ್ಕೆ ಹೊರಳುವ ಸ್ವಭಾವ ಹೆಚ್ಚಿ, ಮೇಲಕ್ಕೂ ಏಳುವುದು. ಆದುದರಿಂದ ಇನ್ನೂ ತಗ್ಗಿನಲ್ಲಿ, ಇನ್ನೂ ಮೆಲ್ಲಗೆ ಎಸೆಯಬೇಕು. ಹಿಂದಿನಿಂದ ಬೀಸುವ ಗಾಳಿಯಲ್ಲಿ ಬಿಲ್ಲೆಯು ತೇಲದೆ ಬೇಗ ನೆಲಕ್ಕಿಳಿಯುವುದು; ಆಗ ಸ್ವಲ್ಪ ಎತ್ತರಿಸಿ ಬಿಡಬಹುದು.

ನಾಲ್ಕನೆಯದೇ ಮುಖ್ಯವಾದುದು, ನಮ್ಮ ಮೊಮ್ಮಗನು ಮೊದಲು ಕಲಿಸಿದುದೂ ಇದನ್ನೇ. ಕಟ್ಟೆಯಿಂದ ಬುಟ್ಟಿಯ ಕಡೆಗೆ ಕಲಿಯಬಾರದು. ಬುಟ್ಟಿಯಿಂದ ಹಿಂದಕ್ಕೆ ಕಲಿಯಬೇಕು. ದೂರದ ಎಸೆತ ಒಂದು ಕುಳಿಗೆ ಒಂದೇ. ಹತ್ತಿರದ ಎಸೆತ ಮಾತ್ರ ಯಾವ ಕುಳಿಯಲ್ಲಿಯೂ ತಪ್ಪಿದ್ದಲ್ಲ. ನೂರು ಅಡಿ ಎಸೆದುದೂ ಒಂದೇ ಲೆಕ್ಕ, ನಾಲ್ಕು ಅಡಿಯಿಂದ ಎಸೆದು ತಪ್ಪಿದುದೂ ಒಂದೇ ಲೆಕ್ಕ. ಬುಟ್ಟಿಗೆ ಐದು ಹೆಜ್ಜೆ ದೂರದಲ್ಲಿ, ಅದಕ್ಕೆ ಎದುರಾಗಿ, ಬಲಗಾಲನ್ನು ಮುಂದಿಟ್ಟು ನಿಂತು, ಸರಪಳಿಯ ಒಂದೇ ಒಂದು ಕೊಂಡಿಯನ್ನು ದಿಟ್ಟಿಸಿ, ಪಟರನ್ನು ಮೆಲ್ಲನೆ ಎಸೆಯಿರಿ. ಹತ್ತು ಸಲ ಎಸೆದು ಎಂಟು ಬಿದ್ದರೆ ಒಂದು ಹೆಜ್ಜೆ ಹಿಂದಕ್ಕೆ ಸರಿಯಿರಿ. ಬೀಳದಿದ್ದರೆ ಅಲ್ಲಿಯೇ ನಿಲ್ಲಿರಿ. ನಾವು ಐದನೆಯ ಹೆಜ್ಜೆಯಿಂದ ಆರನೆಯದಕ್ಕೆ ಹೋಗಲು ಹನ್ನೆರಡು ದಿನ ಹಿಡಿಯಿತು. ಪ್ರತಿದಿನವೂ ಹುಡುಗನು ಪಕ್ಕದಲ್ಲಿ ನಿಂತು ‘ಒಂದು, ಎರಡು, ಮೂರು’ ಎಂದು ಕನ್ನಡದಲ್ಲಿ ಎಣಿಸುತ್ತಿದ್ದನು. ಹತ್ತರ ಮೇಲೆ ಎಣಿಸಲು ಅವನಿಗೆ ತಿಳಿಯದಿದ್ದಿತು. ಅದನ್ನು ನಾವು ಹೇಳಿಕೊಟ್ಟೆವು.

ಐದನೆಯದು ಆಟದ ನಡವಳಿಕೆ. ಮುಂದಿನ ದಾರಿಯಲ್ಲಿ ಒಬ್ಬರಾದರೂ ಇದ್ದರೆ, ಅವರು ದಾಟಿ ಹೋಗುವವರೆಗೆ ಎಸೆಯಬಾರದು. ಉದ್ಯಾನವು ಆಟಗಾರರದೊಬ್ಬರದೇ ಅಲ್ಲ. ಬಿಲ್ಲೆಯು ಯಾರ ಕಡೆಗಾದರೂ ತಿರುಗಿದರೆ ನಾಚಿಕೆಪಡದೆ ಗಟ್ಟಿಯಾಗಿ ‘ಫೋರ್’ ಎಂದು ಕೂಗಬೇಕು. ಇದನ್ನು ನಾವು ಕೂಸಿನ ಗಾಡಿಯನ್ನು ನೆನೆದು ಬರೆಯುತ್ತಿರುವುದರಿಂದ ವಾಚಕರು ಹಗುರವಾಗಿ ಎಣಿಸಬಾರದು. ಇನ್ನೊಬ್ಬರು ಎಸೆಯುವಾಗ ಹಿಂದೆ ನಿಂತು ಮೌನವಾಗಿರಬೇಕು. ಹಿಂದಿನ ಕುಳಿಯಲ್ಲಿ ಕಡಮೆ ಎಸೆತಗಳಲ್ಲಿ ಮುಗಿಸಿದವರು ಮುಂದಿನ ಕುಳಿಯಲ್ಲಿ ಮೊದಲು ಎಸೆಯುವರು. ಆ ಬಳಿಕ ಬುಟ್ಟಿಗೆ ಯಾರು ಹೆಚ್ಚು ದೂರದಲ್ಲಿರುವರೋ ಅವರ ಸರದಿ. ಬಿಲ್ಲೆ ಬಿದ್ದ ಕಡೆ ಗುರುತಿಟ್ಟು ಅದರ ಹಿಂದೆ ನಿಂತೇ ಎಸೆಯಬೇಕು. ಬುಟ್ಟಿಗೆ ೧೦ ಮೀಟರಿನೊಳಗೆ ಇರುವಾಗ, ಎಸೆದು ಸ್ಥಿರವಾಗಿ ನಿಂತಮೇಲೆಯೇ ಮುಂದಕ್ಕೆ ಹೆಜ್ಜೆಯಿಡಬೇಕು. ಎಲ್ಲೆಯ ಹೊರಗೆ ಬಿದ್ದರೆ ಒಂದು ಎಸೆತ ದಂಡ. ಮರದ ಕೊಂಬೆಗಳನ್ನು ಮುರಿದು ದಾರಿ ಮಾಡಿಕೊಳ್ಳಕೂಡದು.

ಉದ್ಯಾನದ ಆಟದಲ್ಲಿ ತೀರ್ಪುಗಾರರಿಲ್ಲ; ತಮ್ಮ ಎಸೆತಗಳನ್ನು ತಾವೇ ಎಣಿಸಿ ಹೇಳಬೇಕು. ಒಂದು ದಿನ ಹೊಳೆಯ ಪಾತ್ರದ ಕಡೆಯ ಕುಳಿಯೊಂದರಲ್ಲಿ ನಮ್ಮ ಬಿಲ್ಲೆ ಎಲ್ಲೆಯಾಚೆಗೆ ಬಿದ್ದಿತು. ಪೊದೆಯ ಮರೆಯಲ್ಲಿದ್ದುದರಿಂದ ಯಾರೂ ಕಾಣಲಿಲ್ಲ. ಕೊನೆಗೆ “ಎಷ್ಟು, ತಾತ?” ಎಂದನು ಹುಡುಗ. “ಐದು” ಎಂದುಬಿಟ್ಟೆವು. ನಾಲ್ಕು ಹೆಜ್ಜೆ ನಡೆದ ಮೇಲೆ ಮನಸ್ಸು ಒಪ್ಪದೆ “ಅಲ್ಲ ಮಗು, ಆರು. ಒಂದು ಹೊರಗೆ ಬಿದ್ದಿತ್ತು” ಎಂದೆವು. ಅವನು ಮಾತನಾಡದೆ ಐದನ್ನು ಹೊಡೆದುಹಾಕಿ ಆರು ಎಂದು ಬರೆದುಕೊಂಡನು. ಮುಂದಿನ ಕುಳಿಯಲ್ಲಿ ತನ್ನದೂ ಒಂದು ಎಲ್ಲೆ ದಾಟಿದುದನ್ನು ಅವನಾಗಿಯೇ ಹೇಳಿದನು. ಐದೆಂದೇ ಬಿಟ್ಟಿದ್ದರೆ ಅಂದು ಏನನ್ನು ಕಳೆದುಕೊಳ್ಳುತ್ತಿದ್ದೆವೆಂಬುದನ್ನು ನಾವು ಆಮೇಲೆ ಬಹಳ ಸಲ ಯೋಚಿಸಿದ್ದೇವೆ.

ಸರಪಳಿಯ ಬುಟ್ಟಿಯಾಗಲಿ, ಗೊತ್ತಾದ ಬಯಲಾಗಲಿ ಇಲ್ಲದ ಊರಿನವರು ಏನು ಮಾಡಬೇಕೆಂದು ವಾಚಕರು ಕೇಳಬಹುದು. ಬ್ಲಾಡ್‌ವರ್ತಿನ ಹುಡುಗರಿಗೂ ಬುಟ್ಟಿಯಿರಲಿಲ್ಲ ಎಂಬುದನ್ನು ನೆನೆಯಿರಿ. ಊರಿಗೆ ಹಿಂದಿರುಗಿದ ಮೇಲೆ ತಿಪಟೂರಿನ ಬಳಿ ಇರುವ ನಮ್ಮ ತೋಟದಲ್ಲಿ ಒಂಬತ್ತು ತೆಂಗಿನ ಮರಗಳಿಗೆ ಸುಣ್ಣದ ಪಟ್ಟೆ ಬಳಿದು ಒಂಬತ್ತು ಕುಳಿಗಳನ್ನು ಮಾಡಿಕೊಂಡೆವು. ಪಟ್ಟೆಗೆ ಬಿಲ್ಲೆ ತಗುಲಿದರ ಬುಟ್ಟಿಗೆ ಬಿದ್ದಂತೆ. ತಗುಲಿತೋ ಇಲ್ಲವೋ ಎಂಬ ವ್ಯಾಜ್ಯ ನಮ್ಮಲ್ಲಿಯೂ ಉಂಟು. ಹತ್ತಿರದ ಎಸೆತದ ಅಭ್ಯಾಸಕ್ಕೆ ಸ್ಟೂಲಿನ ಮೇಲಿಟ್ಟ ಒಂದು ಬಿದಿರಿನ ಮಂಕರಿ ಸಾಕು. ಹಿಂದೆ ಒಂದು ಹಳೆಯ ಕಂಬಳಿಯನ್ನು ಹಗ್ಗಕ್ಕೆ ಇಳಿಬಿಟ್ಟರೆ ತಪ್ಪಿದ ಬಿಲ್ಲೆಯನ್ನು ಹುಡುಕುವ ಶ್ರಮ ತಪ್ಪುವುದು. ಗಾಲ್ಫಿನ ಬಿಲ್ಲೆ ದೊರೆಯದಿದ್ದರೆ ಆಟದ ಸಾಮಾನಿನ ಅಂಗಡಿಯ ಸಾಧಾರಣವಾದ ಹಾರುವ ಬಿಲ್ಲೆಯಿಂದಲೂ ಮಟ್ಟಸವಾಗಿ ಎಸೆಯುವುದನ್ನು ಕಲಿಯಬಹುದು. ಆದರೆ ಅಡಿಗೆಮನೆಯ ತಟ್ಟೆ ಮುಚ್ಚಳಗಳನ್ನು ಮಾತ್ರ ಎಸೆಯಕೂಡದು. ಅವುಗಳ ಅಂಚು ಕೊಯ್ಯುವುದು, ಗೃಹಿಣಿಯ ಕೋಪ ಬೇರೆ. ಬೀದಿಯಲ್ಲಿಯೂ ಮನೆಯ ಮಾಳಿಗೆಯ ಮೇಲೆಯೂ ಆಡಬಾರದು. ಕಾಯಿ ಬಲಿತ ಮರದ ಬುಡದಲ್ಲಿ ಹೆಚ್ಚು ಹೊತ್ತು ನಿಲ್ಲಬಾರದೆಂದು ತೆಂಗಿನ ಸೀಮೆಯವರಿಗೆ ಹೇಳಬೇಕಾದುದಿಲ್ಲ.

ಮೊದಲ ಎರಡು ತಿಂಗಳು ಪಟರ್, ಮಿಡ್‌ರೇಂಜ್ ಎರಡರಲ್ಲಿಯೇ ಆಡಿರಿ. ನೂರೈವತ್ತು ಇನ್ನೂರು ಅಡಿ ನೆಟ್ಟಗೆ ಎಸೆಯಲು ಬಂದ ಬಳಿಕ ೬ ಅಥವಾ ೭ ವೇಗದ ಒಂದನ್ನು ಕೊಳ್ಳಬಹುದು. ೧೨ರ ಬಿಲ್ಲೆಗೆ ಆತುರಪಡಬೇಡಿ. ನಮ್ಮ ಕೆಂಪು ಬಿಲ್ಲೆ ಇಂದಿಗೂ ಗೋಡೆಯ ಮೊಳೆಯಲ್ಲಿ ತೂಗುತ್ತಿದೆ. ಅದನ್ನು ಎಸೆಯುವಷ್ಟು ಯೋಗ್ಯತೆ ನಮಗಿನ್ನೂ ಬಂದಿಲ್ಲ, ಬರಬೇಕೆಂಬ ಹಟವೂ ಇಲ್ಲ.

ಮೊಮ್ಮಗನು ಈಗ ಕಾಲೇಜು ಸೇರಿದ್ದಾನೆ. ಭಾನುವಾರಗಳಲ್ಲಿ ಟೆಲಿಫೋನಿನಲ್ಲಿ ಅವನ ಮೊದಲನೆಯ ಪ್ರಶ್ನೆ ನಮ್ಮ ಆರೋಗ್ಯದ ವಿಷಯವಲ್ಲ, “ತಾತ, ಹತ್ತಕ್ಕೆ ಎಷ್ಟು?” ಎಂಬುದು. ಹೋದ ವಾರ ಎಂಟನೆಯ ಹೆಜ್ಜೆಯಿಂದ ಹತ್ತಕ್ಕೆ ಆರು ಎಂದೆವು. “ಹಾಗಾದ್ರೆ ಇನ್ನೂ ಅಲ್ಲೇ ನಿಂತ್ಕೊಳ್ಳಿ” ಎಂದನು. ನಿಂತಿದ್ದೇವೆ. ಮನೆಯವರು ಒಂಬತ್ತನೆಯ ಹೆಜ್ಜೆಗೆ ಹೋಗಿ ಆಗಲೇ ಎರಡು ತಿಂಗಳಾಯಿತೆಂಬುದನ್ನು ಇಲ್ಲಿ ಬರೆಯದಿದ್ದರೆ ಈ ಲೆಕ್ಕವೂ ತಪ್ಪಿದಂತಾಗುವುದು.